ಅತ್ತೆಯೂ ನಾನೂ ಬಲೂನು ಹತ್ತಿದ ಬೆಳಗು

ಆ ಬಲೂನಿನ ಟಿಕೆಟ್ಟು ನನ್ನ ಹುಟ್ಟುಹಬ್ಬಕ್ಕೆ ಗಂಡ ಕೊಟ್ಟ ಉಡುಗೊರೆ. ಹುಟ್ಟುಹಬ್ಬ ಬಂದುಹೋಗಿ, ಬೇಸಿಗೆಯೂ ಮುಗಿದು, ನಾವಿನ್ನೂ ನೆಲದ ಮೇಲೇ ಇದ್ದೆವು. ಪ್ರತಿ ಸಲವೂ ಹೊರಡುವ ಹಿಂದಿನ ದಿನ ಬಲೂನಿನವರಿಂದ ಮೆಸೇಜು ಬರುತ್ತಿತ್ತು. ನಾಳೆ ಗಾಳಿ ಜೋರಿದೆ, ಕ್ಷಮಿಸಿ. ನಾಳೆ ಮಂಜು ದಟ್ಟವಾಗಿದೆ, ಕ್ಷಮಿಸಿ. ನೆದರ್‌ಲ್ಯಾಂಡ್ಸ್‌ನಲ್ಲಿ ಗಾಳಿಯೂ ಇಲ್ಲದ ಮಂಜೂ ಇಲ್ಲದ ಮಳೆಯೂ ಇಲ್ಲದ ಬೆಳಗು ಬರುವುದೇ ಅಪರೂಪ ಎಂದು ನಾವು ಆಸೆ ಬಿಟ್ಟಿದ್ದೆವು. ಅಕ್ಟೋಬರ್ ಕೊನೆಯಲ್ಲಿ, ಇನ್ನೇನು ಆ ವರ್ಷದ ಹಾರಾಟಗಳೇ ನಿಂತುಹೋಗುತ್ತವೆ ಎನ್ನುವಾಗ, ‘ನಾಳೆ ಹಾರುತ್ತೇವೆ’ ಎಂಬ ಮೆಸೇಜು ಬಂತು. ಅದೇ ಸಂಜೆ ಮಗಳಿಗೆ ಜ್ವರವೂ ಬಂತು.

ಊಟದ ಮೇಜಿನ ಹತ್ತಿರ ಮಾತಾಯಿತು. ಮಗಳು ಸೋಫಾದ ಮೇಲೆ ಮುದುರಿಕೊಂಡು ಕಾರ್ಟೂನು ನೋಡುತ್ತಿದ್ದಳು, ಅಡುಗೆಮನೆಯಲ್ಲಿ ಡಿಶ್‌ವಾಷರ್ ಗುಡುಗುಡು ಎನ್ನುತ್ತಿತ್ತು.

“ನಾನು ಇವಳ ಜೊತೆ ಇರ್ತೀನಿ. ನೀನು ಆಫೀಸಿನವರು ಯಾರನ್ನಾದ್ರೂ ಕರ್ಕೊಂಡು ಹೋಗು. ಟಿಕೆಟ್ ಸುಮ್ನೆ ವೇಸ್ಟ್ ಆಗತ್ತೆ,” ಅಂದ ಗಂಡ.

“ಇಷ್ಟು ಹೊತ್ತಲ್ಲಿ ಯಾರನ್ನ ಕೇಳ್ಲಿ?” ಅಂದೆ.

ಆಗ, ಅಲ್ಲಿಯವರೆಗೆ ತಟ್ಟೆ ನೋಡಿಕೊಂಡು ಕುಳಿತಿದ್ದ ಅತ್ತೆ ತಲೆ ಎತ್ತಿ, “ನಾ ಬರ್ತೀನಿ ತಗೋ,” ಅಂದರು.

ಗಂಡನೂ ನಾನೂ ಮುಖ ಮುಖ ನೋಡಿಕೊಂಡೆವು. ಅವನಿಗೆ ಖುಷಿಯಾಯಿತು. ನನಗೆ ಏನಾಯಿತೆಂದು ಈಗಲೂ ಸರಿಯಾಗಿ ಹೇಳಲಾರೆ. ಯಾಕೆಂದರೆ ಅತ್ತೆ ನನ್ನ ಮೇಲೆ ಸಿಟ್ಟಾಗಿದ್ದಾರೆ ಎಂದು ನಾನು ಆಗಲೇ ಹಲವು ದಿನಗಳಿಂದ ನಂಬಿಕೊಂಡಿದ್ದೆ.

ಅತ್ತೆ ಧಾರವಾಡದವರು. ಮಾವ ತೀರಿಕೊಂಡ ಮೇಲೆ ತಮ್ಮ ತಂಗಿಯ ಜೊತೆ ಅಲ್ಲೇ ಇದ್ದಾರೆ. ನಾವಿರುವ ಬೆಸ್ಟ್ ಎಂಬ ಊರಿಗೆ ಮೂರು ತಿಂಗಳಿಗೆಂದು ಬಂದಿದ್ದರು. ಮೊದಲ ವಾರ ಎಲ್ಲವೂ ಚೆನ್ನಾಗಿತ್ತು. ಆಮೇಲೆ ನಮ್ಮಿಬ್ಬರ ಮಾತು ಅದು ಹೇಗೋ ತಪ್ಪಿಹೋಯಿತು. ಆಫೀಸಿನಿಂದ ಬಂದು ಬಾಗಿಲಲ್ಲೇ “ಅತ್ತೆ, ಬಂದೆ,” ಎಂದರೆ, ಸಿಂಕಿನ ಮುಂದೆ ನಿಂತವರು ತಿರುಗಿಯೂ ನೋಡುತ್ತಿರಲಿಲ್ಲ. “ರಾತ್ರಿಗೆ ಚಪಾತಿ ಮಾಡ್ಲಾ, ಅನ್ನ ಮಾಡ್ಲಾ?” ಎಂದು ಕೇಳಿದರೆ “ಗುರುವಾರ ಆಗಲಿ,” ಎಂದು ಉತ್ತರ ಬರುತ್ತಿತ್ತು. ಗುರುವಾರ ಏನಿದೆ ಎಂದು ನಾನು ಕ್ಯಾಲೆಂಡರ್ ನೋಡುತ್ತಿದ್ದೆ. ಏನೂ ಇರುತ್ತಿರಲಿಲ್ಲ. ನನ್ನನ್ನು ಹಂಗಿಸುತ್ತಿದ್ದಾರೋ, ಬೇಕೆಂದೇ ಮಾತು ತಪ್ಪಿಸುತ್ತಿದ್ದಾರೋ ತಿಳಿಯದೆ, ನಾನು ಮಾಡಿರಬಹುದಾದ ತಪ್ಪುಗಳನ್ನು ರೈಲಿನಲ್ಲಿ ಕುಳಿತು ಯೋಚಿಸುತ್ತಿದ್ದೆ. ಅಂಗಡಿಯಿಂದ ದೋಸೆಹಿಟ್ಟಿನ ಡಬ್ಬಿ ತಂದದ್ದಕ್ಕೆ ಇರಬಹುದೇ? ಅವರು ಕೈಯಲ್ಲಿ ತೊಳೆದಿಟ್ಟ ಪಾತ್ರೆಯನ್ನು ನಾನು ಮತ್ತೆ ಮೆಷಿನ್ನಿಗೆ ಹಾಕಿದ್ದಕ್ಕೆ? ಮೈಸೂರಿನ ನನ್ನ ಅಮ್ಮನ ಜೊತೆ ಫೋನಿನಲ್ಲಿ ಜೋರಾಗಿ ನಕ್ಕಿದ್ದಕ್ಕೆ? ಗಂಡನನ್ನು ಕೇಳಿದರೆ, “ಹಂಗೇನಿಲ್ಲ ಬಿಡು, ಅವ್ವ ಮೊದಲಿಂದಲೂ ಹಂಗೇ,” ಅಂದ. ಮೊದಲಿಂದಲೂ ಅವರು ಹಾಗಿರಲಿಲ್ಲ.

ಅಂಥವರು ತಾವಾಗಿಯೇ, ನನ್ನ ಜೊತೆ, ಒಂದು ಬುಟ್ಟಿಯಲ್ಲಿ ನಿಂತು ಆಕಾಶಕ್ಕೆ ಬರುತ್ತೇನೆ ಎನ್ನುತ್ತಿದ್ದರು.

ಮರುದಿನ ಕತ್ತಲಿರುವಾಗಲೇ ಹೊರಟೆವು. ಅತ್ತೆ ನನಗಿಂತ ಮೊದಲೇ ಎದ್ದು ತಲೆಗೆ ಸ್ನಾನ ಮಾಡಿ ತಯಾರಾಗಿದ್ದರು. ರೇಷ್ಮೆ ಅಂಚಿನ ಇಳಕಲ್ ಸೀರೆ, ಅದರ ಮೇಲೆ ಸ್ವೆಟರು, ಅದರ ಮೇಲೆ ಮಗನ ಜಾಕೆಟ್ಟು, ಕಾಲಿಗೆ ಸಾಕ್ಸು, ಶೂ. ಕೈಯಲ್ಲಿ ಒಂದು ಬಟ್ಟೆಯ ಚೀಲ. ಬಲೂನು ಹತ್ತಲು ಇಂಥ ಸೀರೆ ಯಾಕೆ ಎಂದು ಕೇಳಬೇಕೆನಿಸಿತು. ಸಿಟ್ಟಾಗಿರುವವರನ್ನು ಸೀರೆಯ ವಿಷಯ ಕೇಳುವುದು ಬೇಡವೆಂದು ಸುಮ್ಮನಾದೆ.

ಬಲೂನು ಹೊರಡುವ ವಾಗೆನಿಂಗನ್ ಕಡೆಗೆ ಹೋಗುವ ದಾರಿಯುದ್ದಕ್ಕೂ ನಾನೊಬ್ಬಳೇ ಮಾತಾಡಿದೆ. ಹೆದ್ದಾರಿಯಲ್ಲಿ ಲಾರಿಗಳು ಸಾಲಾಗಿ ಹೋಗುತ್ತಿದ್ದವು. ನದಿಯ ಹತ್ತಿರ ಮಂಜು ರಸ್ತೆಯ ಮೇಲೇ ಹರಿಯುತ್ತಿತ್ತು. ಅತ್ತೆ ಬಲಗಡೆಯ ಕಿಟಕಿಯಿಂದ ಆಚೆ ನೋಡುತ್ತ ಆಗಾಗ “ಹೂಂ” ಎನ್ನುತ್ತಿದ್ದರು. ಕೊನೆಗೆ, ಕತ್ತಲಲ್ಲಿ ಮುಖ ಕಾಣುವುದಿಲ್ಲವೆಂಬ ಧೈರ್ಯದ ಮೇಲೆ ಕೇಳಿಯೇಬಿಟ್ಟೆ.

“ಅತ್ತೆ, ನನ್ ಮೇಲೆ ಏನಾದ್ರೂ ಬೇಜಾರಿದ್ಯಾ?”

“ಹೂಂ,” ಅಂದರು ಅತ್ತೆ. ಅಂದು, ನನ್ನ ಕಡೆ ತಿರುಗಿ ನಕ್ಕರು.

ಆ ನಗುವಿಗೆ ಏನು ಅರ್ಥವೆಂದು ತಿಳಿಯದೆ ನಾನು ಇಳಿಯಬೇಕಾದ ದಾರಿಯನ್ನು ತಪ್ಪಿಸಿಕೊಂಡು, ಮುಂದೆ ಹೋಗಿ, ಸುತ್ತು ಹಾಕಿಕೊಂಡು ಬಂದೆ.

ಹುಲ್ಲುಗಾವಲಿನಲ್ಲಿ ಬಲೂನು ಇನ್ನೂ ನೆಲದ ಮೇಲೆ ಒಗೆದು ಹರವಿದ ಬಟ್ಟೆಯ ಹಾಗೆ ಬಿದ್ದಿತ್ತು. ದೊಡ್ಡ ಫ್ಯಾನು ಅದರ ಬಾಯಿಗೆ ಗಾಳಿ ತುಂಬುತ್ತಿತ್ತು. ನಮ್ಮ ಜೊತೆ ಹಾರುವವರು ಏಳೆಂಟು ಜನ ಚಳಿಗೆ ಕಾಲು ಕುಟ್ಟುತ್ತ ನಿಂತಿದ್ದರು. ಪೈಲಟ್ ಐವತ್ತರ ಆಸುಪಾಸಿನ ಎತ್ತರದ ಹೆಂಗಸು, ಕೈಗೆ ದಪ್ಪ ಚರ್ಮದ ಗವಸು. ಇಳಿಯುವಾಗ ಏನು ಮಾಡಬೇಕೆಂದು ಅವಳು ಡಚ್ಚಿನಲ್ಲೂ ಇಂಗ್ಲಿಷಿನಲ್ಲೂ ಹೇಳಿದಳು: ನಾನು ಹೇಳಿದ ತಕ್ಷಣ ಮಂಡಿ ಮಡಚಿ ಕೂರಬೇಕು, ಬುಟ್ಟಿಯ ಒಳಗಿನ ಹಗ್ಗ ಹಿಡಿದುಕೊಳ್ಳಬೇಕು, ನಾನು ಹೇಳುವವರೆಗೆ ಯಾರೂ ಏಳಬಾರದು. ಫ್ಯಾನಿನ ಸದ್ದಿನಲ್ಲಿ ನಾನು ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅವರು ಪೈಲಟ್‌ಗೂ ತಲೆ ಆಡಿಸಿದರು, ನನಗೂ ತಲೆ ಆಡಿಸಿದರು. ಅವರ ಕಣ್ಣು ಮಾತ್ರ ಬಲೂನಿನ ಮೇಲೇ ಇತ್ತು. ಬೆಂಕಿ ಭುಗಿಲೆಂದು ಹತ್ತಿ, ಆ ಬಟ್ಟೆ ಎದ್ದು ನಿಂತು, ಬುಟ್ಟಿ ನೆಟ್ಟಗಾದಾಗ ಅತ್ತೆ ಒಮ್ಮೆ ನನ್ನನ್ನು ನೋಡಿದರು. ಏನೋ ಕೇಳುವಂತಿತ್ತು ಆ ನೋಟ. ಆದರೆ ಕೇಳಲಿಲ್ಲ. ಸೀರೆಯ ನೆರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಬುಟ್ಟಿಗೆ ಮಾಡಿದ್ದ ತೂತುಗಳಲ್ಲಿ ಕಾಲಿಟ್ಟು, ನನಗಿಂತ ಸಲೀಸಾಗಿ ಒಳಗೆ ಇಳಿದರು. ಚೀಲವನ್ನು ಬಿಡಲಿಲ್ಲ.

ಮೇಲೇರಿದ್ದು ನನಗೆ ಗೊತ್ತೇ ಆಗಲಿಲ್ಲ. ಲಿಫ್ಟಿನಲ್ಲೋ ವಿಮಾನದಲ್ಲೋ ಹೊಟ್ಟೆಗೆ ತಿಳಿಯುತ್ತದೆ. ಇಲ್ಲಿ ಹಾಗೇನೂ ಇಲ್ಲ. ನಾವು ನಿಂತಲ್ಲೇ ಇದ್ದೆವು. ನೆಲವೇ ನಮ್ಮನ್ನು ಬಿಟ್ಟು ಕೆಳಕ್ಕೆ ಇಳಿದುಹೋಯಿತು. ಹುಲ್ಲಿನ ಮೇಲೆ ನಿಂತು ಕೈ ಬೀಸುತ್ತಿದ್ದ ಸಹಾಯಕ ಸಣ್ಣವನಾದ, ನಮ್ಮ ಕಾರು ಸಣ್ಣದಾಯಿತು, ಮಂಜು ಹಾಲಿನ ಕೆನೆಯಂತೆ ಹೊಲದ ತಗ್ಗುಗಳಲ್ಲಿ ಕಟ್ಟಿಕೊಂಡಿದ್ದು ಕಾಣಿಸಿತು. ಸೂರ್ಯ ನನ್ನ ಎಡಕ್ಕೆ ಹುಟ್ಟಿದ. ಸ್ವಲ್ಪ ಹೊತ್ತಿಗೆ ನೋಡಿದರೆ ಬೆನ್ನ ಹಿಂದೆ ಇದ್ದ. ಬಲೂನು ನಿಧಾನವಾಗಿ ತನ್ನಷ್ಟಕ್ಕೆ ತಿರುಗುತ್ತದೆಯಂತೆ. ಒಂದು ಚರ್ಚಿನ ಗೋಪುರ ನಮ್ಮ ಕೆಳಗೆ ಹಾದುಹೋಯಿತು. ಆಮೇಲೆ ಅದೇ ಗೋಪುರ ಇನ್ನೊಂದು ಕಡೆಯಿಂದ ಮತ್ತೆ ಬಂತು. ಇದು ಅದೇನಾ, ಬೇರೆಯದಾ ಎಂದು ನಾನು ಕೇಳಿದ್ದಕ್ಕೆ ಪೈಲಟ್, “ಅದೇ. ಮೇಲಿನ ಗಾಳಿ ಒಂದು ಕಡೆಗೆ, ಕೆಳಗಿನ ಗಾಳಿ ಇನ್ನೊಂದು ಕಡೆಗೆ,” ಎಂದಳು. ಗಾಳಿಯ ಜೊತೆಗೇ ಹೋಗುವುದರಿಂದ ಮುಖಕ್ಕೆ ಗಾಳಿ ಒಂಚೂರೂ ತಾಗುತ್ತಿರಲಿಲ್ಲ. ಹೋಗುತ್ತಿದ್ದೇವೋ ನಿಂತಿದ್ದೇವೋ ಎಂದು ತಿಳಿಯಲು ಕೆಳಗೆ ನೋಡಬೇಕಿತ್ತು.

ಕೆಳಗೆ ಕಾಡು ಶುರುವಾಗಿತ್ತು. ಆ ಕಾಡಿನಲ್ಲಿ ನಾನು ವಾರಾಂತ್ಯಗಳಲ್ಲಿ ನಡೆದಿದ್ದೆ, ಉದುರಿದ ಎಲೆಗಳ ಮೇಲೆ ಮಗಳನ್ನು ಓಡಿಸಿದ್ದೆ. ಮೇಲಿನಿಂದ ಅದರ ಗುರುತೇ ಸಿಗಲಿಲ್ಲ. ಬೀಚ್ ಮರಗಳು ತಾಮ್ರದ ಬಣ್ಣಕ್ಕೆ ತಿರುಗಿದ್ದವು, ಬರ್ಚ್ ಮರಗಳು ಅರಿಶಿನ, ಓಕ್ ಮರಗಳು ಕಂದು, ನಡುವೆ ಅಲ್ಲಲ್ಲಿ ಪೈನ್ ಮರಗಳ ಹಸಿರು.

“ಮಸಾಲಿಗೆ ಎಲ್ಲಾ ಒಣಾ ಹಾಕಿದಂಗ ಐತಿ,” ಅಂದರು ಅತ್ತೆ. “ಅಲ್ಲೆ ನೋಡು ಮೆಣಸಿನಕಾಯಿ, ಅಲ್ಲೆ ಕೊತ್ತಂಬರಿ ಬೀಜ.”

ಎಷ್ಟೋ ದಿನಗಳ ಮೇಲೆ ಅವರು ನನಗೆ ತಾವಾಗಿ ಆಡಿದ ಮಾತು ಅದು. ನಾನು ಉತ್ತರ ಕೊಡುವಷ್ಟರಲ್ಲಿ ತಲೆಯ ಮೇಲೆ ಬೆಂಕಿ ಭರ್ರೆಂದು ಉರಿಯಿತು. ನೆತ್ತಿ ಬಿಸಿಯಾಯಿತು. ಪೈಲಟ್ ಹಿಡಿಕೆ ಬಿಟ್ಟಳು, ಬೆಂಕಿ ನಿಂತಿತು. ಅದು ನಿಂತ ಮೇಲೆ ಬಂದ ನಿಶ್ಶಬ್ದವನ್ನು ನಾನು ಈ ದೇಶದಲ್ಲಾಗಲಿ ನಮ್ಮ ದೇಶದಲ್ಲಾಗಲಿ ಕೇಳಿರಲಿಲ್ಲ. ಬುಟ್ಟಿಯ ಬೆತ್ತ ಕಿರುಗುಟ್ಟಿದ್ದು ಬಿಟ್ಟರೆ ಬೇರೇನಿಲ್ಲ. ಆಮೇಲೆ ಎಲ್ಲೋ ಕೆಳಗಿನಿಂದ ಒಂದು ನಾಯಿ ಬೊಗಳಿತು, ಪಕ್ಕದ ಬೀದಿಯಲ್ಲಿ ಬೊಗಳಿದಷ್ಟು ಸ್ಪಷ್ಟವಾಗಿ.

“ನಾಯಿ,” ಅಂದರು ಅತ್ತೆ. ಅವರ ಮುಖ ಅರಳಿಬಿಟ್ಟಿತು. “ನಿನಗೂ ಕೇಳಸ್ತೇನ? ನಾಯಿ ಒದರಾಕ್ಹತ್ತೈತಿ.”

“ಹೂಂ, ಕೇಳಿಸ್ತು.”

“ಸೈಕಲ್ ಗಂಟಿ. ಅಕಾ, ಯಾರೋ ಬಾಗಲಾ ತಗದ್ರು.” ಅವರು ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಬಲಗಿವಿಯನ್ನು ಕೆಳಗಿನ ಹೊಲಗಳಿಗೆ ಕೊಟ್ಟು ನಿಂತಿದ್ದರು. “ಇಷ್ಟು ಎತ್ತರಕ್ಕ ಬಂದು ಮುಟ್ಟತೈತಲ್ಲ. ಮನ್ಯಾಗ ಎದುರಿಗೆ ಕೂತವ್ರ ಮಾತು…”

ಮತ್ತೆ ಬೆಂಕಿ. ಅತ್ತೆಯ ತುಟಿ ಆಡುತ್ತಲೇ ಇತ್ತು. ಬೆಂಕಿ ನಿಲ್ಲುವಷ್ಟರಲ್ಲಿ ಅವರ ಮಾತು ಮುಗಿದಿತ್ತು.

“ಕೇಳಿಸ್ಲಿಲ್ಲ ಅತ್ತೆ. ಇನ್ನೊಂದ್ಸಲ ಹೇಳಿ.”

ಅವರು ಶುರು ಮಾಡಿದರು. ಮತ್ತೆ ಭರ್ರೆಂದಿತು. ನಾನು ಅವರ ಬಾಯಿಯನ್ನೇ ನೋಡುತ್ತ, ಏನೂ ತಿಳಿಯದೆ, ಸುಮ್ಮನೆ ತಲೆ ಆಡಿಸಿದೆ. ಸದ್ದು ನಿಂತಾಗ ಅತ್ತೆ ನಗುತ್ತಿದ್ದರು.

“ತಲಿ ಯಾಕ ಆಡಿಸಿದಿ? ತಿಳೀತೇನ?”

“ಇಲ್ಲ.”

“ನನಗ ದಿನಾ ಹಿಂಗ ಆಗೂದು. ನೀವು ಬಾಯಿ ಆಡಸ್ತೀರಿ. ನಾ ನೋಡ್ತೀನಿ.” ಅವರು ನನ್ನ ತೋಳು ಹಿಡಿದು ತಮ್ಮ ಬಲಗಡೆಗೆ ಎಳೆದುಕೊಂಡರು. “ಈ ಕಡೆ ನಿಂದ್ರು. ಎಡಗಿವಿ ಪೂರಾ ಹೋಗೈತಿ ನೋಡವ್ವ. ಇದರಾಗ ಒಂದೀಟು ಕೇಳಸ್ತೈತಿ, ಅದೂ ಗದ್ದಲ ಇಲ್ಲದಾಗ.”

ಎರಡು ಬೆಂಕಿಗಳ ನಡುವಿನ ಬಿಡುವುಗಳಲ್ಲಿ, ತುಂಡು ತುಂಡಾಗಿ, ಅವರು ಹೇಳಿದ್ದು ಇಷ್ಟು. ಹೋದ ವರ್ಷದಿಂದಲೇ ಕಡಿಮೆಯಾಗುತ್ತ ಬಂದಿತ್ತು. ವಿಮಾನದಲ್ಲಿ ಬಂದ ಮೇಲೆ ಜಾಸ್ತಿಯಾಯಿತು. ನಮ್ಮ ಮನೆಯಲ್ಲಿ ಟಿವಿ, ಡಿಶ್‌ವಾಷರ್, ಒಲೆಯ ಮೇಲಿನ ಹೊಗೆ ಎಳೆಯುವ ಫ್ಯಾನು, ಮೊಮ್ಮಗಳ ಡಚ್ಚು, ನಮ್ಮ ಇಂಗ್ಲಿಷು ಎಲ್ಲ ಸೇರಿ ಅವರಿಗೆ ಬರೀ ಗುಂಯ್ ಎನ್ನುವ ಶಬ್ದವಾಗುತ್ತಿತ್ತು.

“ಹಾಗಾದ್ರೆ ನನ್ ಮೇಲೆ ಸಿಟ್ಟು…”

“ಸಿಟ್ಟು? ಯಾಕ?”

“ಕಾರಲ್ಲಿ ಕೇಳ್ದೆ ಅತ್ತೆ, ಬೇಜಾರಿದ್ಯಾ ಅಂತ. ನೀವು ಹೂಂ ಅಂದ್ರಿ.”

“ಕಾರಿನ್ಯಾಗ ನೀ ಏನ ಕೇಳಿದಿ ಯಾರಿಗೆ ಗೊತ್ತು. ಹೂಂ ಅಂತೀನಿ. ಭಾಳ ಸಲ ಅದು ಸರಿ ಹೋಗತೈತಿ.”

ನನಗೆ ಹಗುರಾಗಬೇಕಿತ್ತು. ಆಗಲಿಲ್ಲ. ಅಷ್ಟು ದಿನ ನಾನು ಯಾವ ಸಿಟ್ಟಿನ ಸುತ್ತ ಹುಷಾರಾಗಿ ಓಡಾಡಿದ್ದೆನೋ ಆ ಸಿಟ್ಟು ಇರಲೇ ಇಲ್ಲ. ಹಾಗಾದರೆ ಅವರ ನಗು, ಅವರ ಮೌನ, ಅವರ ಗುರುವಾರ, ಎಲ್ಲವನ್ನೂ ಮತ್ತೆ ಮೊದಲಿನಿಂದ ಅರ್ಥ ಮಾಡಿಕೊಳ್ಳಬೇಕು. ನನಗೆ ಅಳು ಬರುವ ಹಾಗೂ ಆಯಿತು, ಅವರ ಮೇಲೆ ರೇಗುವ ಹಾಗೂ ಆಯಿತು. ಹೇಳಬಾರದಿತ್ತೇ?

“ಮತ್ತೆ ಬಲೂನಿಗೆ ಬರ್ತೀನಿ ಅಂತ ಹೇಗೆ ಅಂದ್ರಿ?”

ಅತ್ತೆ ಕೈಯಲ್ಲಿದ್ದ ಚೀಲವನ್ನು ಎತ್ತಿ ಹಿಡಿದರು.

“ಗುಡಿಗೆ ಅಂತ ಮಾಡಿದ್ದೆ.”

“ಯಾವ ಗುಡಿಗೆ?”

“ದೀಪಾವಳಿ ಹತ್ತರ ಬಂತು, ಗುಡಿಗೆ ಹೋಗೂನು ಅಂತ ಅಂವ ಅಂದಿದ್ದನಲ್ಲ. ನಿನ್ನಿ ನೀವು ಮುಂಜಾನೆ ಅಂದ್ರಿ, ಕಾರ್ ಅಂದ್ರಿ, ಅಂವ ಮನ್ಯಾಗ ಇರ್ತೀನಿ ಅಂದ. ಗುಡೀನ ಇರಬೇಕು ಅಂತ ಮಾಡಿದೆ.” ಅವರು ಚೀಲದ ಬಾಯಿ ಬಿಡಿಸಿ ತೋರಿಸಿದರು. ಒಳಗೆ ಒಂದು ತೆಂಗಿನಕಾಯಿ, ಊದುಬತ್ತಿಯ ಪೊಟ್ಟಣ, ಬಾಳೆಹಣ್ಣು. “ಇಲ್ಲಿ ಬಂದು ಬುಟ್ಟಿ ನೋಡಿದ ಮ್ಯಾಲೆ ಗೊತ್ತಾತು.”

“ಗೊತ್ತಾದ್ಮೇಲಾದ್ರೂ ಹೇಳ್ಬಾರ್ದಾ? ಭಯ ಆಗ್ಲಿಲ್ವಾ?”

“ಆತು. ಎಲ್ಲಾರೂ ಹತ್ತಿದ್ರು, ನಾನೂ ಹತ್ತಿದೆ. ಅಲ್ಲೆ ನಿಂತು ಏನಂತ ಕೇಳ್ಲಿ?”

ಬಲೂನಿನ ನೆರಳು ತಾಮ್ರದ ಬಣ್ಣದ ಮರಗಳ ಮೇಲೆ ನಮ್ಮ ಮುಂದೆ ಮುಂದೆ ತೇಲಿಕೊಂಡು ಹೋಗುತ್ತಿತ್ತು. ಕಾಡಿನಂಚಿನಲ್ಲಿ ಎರಡು ಜಿಂಕೆಗಳು ನಮ್ಮ ಬೆಂಕಿಯ ಸದ್ದಿಗೆ ಬೆಚ್ಚಿ ಹೊಲಕ್ಕೆ ಓಡಿದವು. ಅತ್ತೆ ಅವನ್ನೇ ನೋಡುತ್ತ ಹೇಳಿದರು:

“ಅಂವಗ ಹೇಳಬ್ಯಾಡ.”

“ಯಾಕತ್ತೆ? ಡಾಕ್ಟರಿಗೆ ತೋರಿಸ್ಬೇಕಲ್ವಾ?”

“ಅಂವಗ ಗೊತ್ತಾದ್ರ ನನ್ನ ತಂಗಿಗೆ ಫೋನ್ ಮಾಡ್ತಾನ. ಆಕಿಗೆ ಗೊತ್ತಾದ್ರ ಓಣಿಗೆಲ್ಲಾ ಗೊತ್ತಾಗತೈತಿ. ಭಜನಾ ಮಂಡಳಿಯೊಳಗ ತಾಳ ನಂದು. ಕಿವುಡಿ ಕೈಯಾಗ ಯಾರು ತಾಳ ಕೊಡ್ತಾರ?”

“ಹೂಂ,” ಎಂದೆ. ಒಪ್ಪಿಕೊಂಡ ಹೂಂ ಅದೋ, ಕೇಳಿಸಿತು ಎನ್ನುವ ಹೂಂ ಅದೋ ನನಗೇ ಗೊತ್ತಿರಲಿಲ್ಲ.

ಇಳಿಯುವ ಹೊತ್ತಿಗೆ ಆ ಯೋಚನೆಗೆ ಬಿಡುವಾಗಲಿಲ್ಲ. ಕಾಡು ಮುಗಿದು ಹಸುಗಳ ಹುಲ್ಲುಗಾವಲುಗಳು ಬಂದವು. ಪೈಲಟ್ ಕೂಗಿದಳು. ಇಳಿಯುವ ಪಾಠ ಅತ್ತೆಗೆ ಒಂದಕ್ಷರವೂ ಕೇಳಿಸಿರಲಾರದು ಎಂದು ಆಗ ನನಗೆ ಹೊಳೆಯಿತು. ಅವರ ಭುಜ ಒತ್ತಿ ಕೂರಿಸಿ, ಕೈಗೆ ಹಗ್ಗ ಹಿಡಿಸಿ, ಬಲಗಿವಿಗೆ ಬಾಯಿಟ್ಟು, “ಬಿಡ್ಬೇಡಿ,” ಎಂದು ಕಿರುಚಿದೆ. ಬುಟ್ಟಿ ನೆಲಕ್ಕೆ ಬಡಿಯಿತು, ಒಮ್ಮೆ ಎದ್ದಿತು, ಮತ್ತೆ ಬಡಿದು, ಎಳೆದುಕೊಂಡು ಹೋಗಿ, ನಿಧಾನವಾಗಿ ಮಗ್ಗುಲಿಗೆ ಮಲಗಿತು. ನಾವೆಲ್ಲ ಅಂಗಾತ ಬಿದ್ದಿದ್ದೆವು. ಅತ್ತೆಯ ಮಂಡಿ ನನ್ನ ಪಕ್ಕೆಗೆ ಚುಚ್ಚುತ್ತಿತ್ತು. ಅವರು ಆಕಾಶ ನೋಡುತ್ತ ಒಂದೇ ಸಮನೆ ನಗುತ್ತಿದ್ದರು.

ಆ ಹೊಲದ ರೈತ ಬೂಟು ಹಾಕಿಕೊಂಡು ಬಂದು ನಿಂತ. ಪೈಲಟ್ ಅವನ ಜೊತೆ ಮಾತಾಡಿ ಒಂದು ಬಾಟಲಿ ವೈನು ಕೊಟ್ಟಳು. ಯಾರದೋ ಹೊಲದಲ್ಲಿ ಇಳಿದರೆ ಹಾಗೆ ಕೊಡುವುದು ಪದ್ಧತಿಯಂತೆ. ನಾವೆಲ್ಲ ಸೇರಿ ಬಟ್ಟೆ ಮಡಚಿದೆವು. ಪೈಲಟ್ ಎಲ್ಲರಿಗೂ ಷಾಂಪೇನ್ ಸುರಿದಳು, ಅತ್ತೆಗೆ ಸೇಬಿನ ರಸ. ಅತ್ತೆ ಚೀಲದಿಂದ ಬಾಳೆಹಣ್ಣು ತೆಗೆದು ಎಲ್ಲರಿಗೂ ಹಂಚಿದರು, ರೈತನಿಗೂ. ಅವನು ಅದನ್ನು ಕೈಯಲ್ಲಿ ಹಿಡಿದು, ಇದು ಯಾಕೆ ಎಂಬಂತೆ ನನ್ನನ್ನು ನೋಡಿದ. ಜೊತೆಗಿದ್ದ ಒಬ್ಬ ವಯಸ್ಸಾದ ಹೆಂಗಸು, “ನಿನ್ನ ತಾಯಿಯಾ?” ಎಂದು ಡಚ್ಚಿನಲ್ಲಿ ಕೇಳಿದಳು. “ಹೌದು,” ಎಂದೆ. ಗಂಡನ ತಾಯಿ ಎಂಬ ಡಚ್ ಪದ ನನಗೆ ಬರುತ್ತಿತ್ತು, ಆದರೂ ಅದನ್ನು ಬಳಸಲಿಲ್ಲ.

ಮನೆಗೆ ಬಂದಾಗ ಮಗಳ ಜ್ವರ ಇಳಿದಿತ್ತು. “ಅವ್ವ, ಹೆಂಗಿತ್ತು?” ಎಂದು ಗಂಡ ಕೇಳಿದ. “ಹೂಂ,” ಅಂದರು ಅತ್ತೆ.

ಅಲ್ಲಿಂದ ಮುಂದಿನ ದಿನಗಳು ಇನ್ನೂ ಗೊಂದಲದವು. ಅತ್ತೆಗೆ ಕೇಳಲಿ ಎಂದು ನಾನು ಅವರ ಬಲಗಡೆ ನಿಂತು ಜೋರಾಗಿ ಮಾತಾಡತೊಡಗಿದೆ. ಚಪಾತಿ ಸಾಕಾ ಎನ್ನುವುದನ್ನೂ ಕೂಗಿಯೇ ಕೇಳುತ್ತಿದ್ದೆ. ಅತ್ತೆ ಸರಿಯಾಗಿ ಉತ್ತರ ಕೊಡುತ್ತಿದ್ದರು. ಗಂಡ ಮಾತ್ರ ದಿನದಿನಕ್ಕೆ ಗಂಭೀರನಾದ. ಒಂದು ಸಂಜೆ ಅಡುಗೆಮನೆಗೆ ಬಂದು ಬಾಗಿಲು ಮುಂದೆ ಮಾಡಿದ.

“ಅವ್ವನ ಮೇಲೆ ಯಾಕೆ ಹಂಗೆ ಕೂಗಾಡ್ತೀಯ? ಇನ್ನೆಷ್ಟು ದಿನ ಇರ್ತಾಳೆ ಅವಳು?”

“ನಾನು ಕೂಗಾಡ್ತಿಲ್ಲ.”

“ಮತ್ತೆ ಇದೇನು? ನಿನ್ನೆ ಅವ್ವನ ಕಿವಿ ಹತ್ರ ಹೋಗಿ ಬೈತಿದ್ದೆ. ನಾನೇ ನೋಡ್ದೆ.”

ಹೇಳಿದರೆ ಅತ್ತೆಗೆ ಕೊಟ್ಟ ಮಾತು ತಪ್ಪುತ್ತದೆ. ಹೇಳದಿದ್ದರೆ ಇದು ಹೀಗೇ ಬೆಳೆಯುತ್ತದೆ. ಕೊಟ್ಟಿದ್ದೇನೋ ಇಲ್ಲವೋ ಎಂದೇ ಗೊತ್ತಿಲ್ಲದ ಮಾತು ಅದು. ನಾನು ಸುಮ್ಮನೆ ಈರುಳ್ಳಿ ಹೆಚ್ಚುತ್ತ ನಿಂತೆ. ಅವನು ಇನ್ನಷ್ಟು ಜೋರಾದ. ಬಾಗಿಲು ತೆರೆಯಿತು. ಅತ್ತೆ ನಿಂತಿದ್ದರು. ನಮ್ಮ ಮಾತು ಅವರಿಗೆ ಕೇಳಿಸಿರಲಾರದು. ಮಗನ ಮುಖವೂ ನನ್ನ ಮುಖವೂ ಕಂಡಿರಬೇಕು.

“ಆಕಿಗೆ ಯಾಕ ಬೈತಿ?” ಅಂದರು. “ಆಕೀದೇನೂ ಇಲ್ಲ. ನನಗ ಕಿವಿ ಕೇಳಸೂದಿಲ್ಲ.”

ಗಂಡ ಕುರ್ಚಿ ಎಳೆದುಕೊಂಡು ಕುಳಿತುಬಿಟ್ಟ. ಯಾವಾಗಿನಿಂದ ಎಂದು ಕೇಳಿದ. ಅತ್ತೆಗೆ ಅದು ಕೇಳಿಸಲಿಲ್ಲ. ನಾನು ಬಲಗಡೆ ಹೋಗಿ ನಿಂತು, ಅದನ್ನೇ ಮತ್ತೆ ಕೇಳಿದೆ.

ಇಲ್ಲಿಯ ಹೌಸ್ಆರ್ಟ್ಸ್, ಅಂದರೆ ನಮ್ಮ ಮನೆಯ ಡಾಕ್ಟರು, ಕಿವಿಯಲ್ಲಿ ದೀಪ ಹಾಕಿ ನೋಡಿ, ಸ್ವಚ್ಛ ಮಾಡಿ, ಇದು ವಯಸ್ಸಿನದು, ಮೆಷಿನ್ ಬೇಕು ಎಂದರು. ಅದನ್ನು ಊರಿಗೆ ಹೋದ ಮೇಲೆ ಹುಬ್ಬಳ್ಳಿಯಲ್ಲೇ ಹಾಕಿಸಿಕೊಳ್ಳುತ್ತೇನೆ ಎಂದು ಅತ್ತೆ ಹಟ ಹಿಡಿದರು, ಹಾಕಿಸಿಕೊಂಡರು ಕೂಡ. ಅವರು ಹೆದರಿದಂತೆ ತಾಳವನ್ನು ಯಾರೂ ಕಸಿದುಕೊಳ್ಳಲಿಲ್ಲ. ಮಂಡಳಿಯ ಇನ್ನಿಬ್ಬರು ಹೆಂಗಸರೂ ಅಂಥ ಮೆಷಿನ್ನನ್ನೇ ಸೆರಗಿನ ಮರೆಯಲ್ಲಿ ಇಟ್ಟುಕೊಂಡಿದ್ದರಂತೆ. ಈಗ ಅತ್ತೆ ಭಾನುವಾರ ವಿಡಿಯೋ ಕಾಲಿನಲ್ಲಿ ಸಿಗುತ್ತಾರೆ.

“ನನ್ನ ತಂಗಿ ಇಷ್ಟು ಮಾತಾಡ್ತಾಳಂತ ಗೊತ್ತೇ ಇರಲಿಲ್ಲ ನೋಡವ್ವ,” ಎಂದರು ಒಮ್ಮೆ. “ಭಜನಿ ಇದ್ದಾಗ ಹಾಕ್ಕೋತೀನಿ. ಉಳದ ಹೊತ್ತಿನ್ಯಾಗ ತಗದ ಇಡ್ತೀನಿ.”

ಹೋದ ಭಾನುವಾರ, ಮುಂದಿನ ವರ್ಷ ಮತ್ತೆ ಬನ್ನಿ ಅತ್ತೆ, ಎಂದೆ. ಅವರು ಪರದೆಯ ಆಚೆಯಿಂದ ನನ್ನನ್ನೇ ನೋಡಿದರು, ಏನೂ ಅನ್ನಲಿಲ್ಲ. ಮೆಷಿನ್ ತೆಗೆದಿಟ್ಟಿದ್ದರೋ, ಬರಲು ಮನಸ್ಸಿಲ್ಲವೋ, ನಾನು ಅದರ ಹಿಂದಿನ ವಾರ ಫೋನು ಮಾಡದೇ ಇದ್ದದ್ದಕ್ಕೆ ಈ ಸಲ ನಿಜವಾಗಿಯೂ ಸಿಟ್ಟೋ, ನನಗೆ ತಿಳಿಯಲಿಲ್ಲ. ಇನ್ನೊಂದು ಸಲ, ಸ್ವಲ್ಪ ಜೋರಾಗಿ ಕೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಅವರ ತಂಗಿ ಫೋನು ಕಸಿದುಕೊಂಡು ಮಾತು ಶುರು ಮಾಡಿದರು.